ಪುಸ್ತಕ ಆಮೇಲೆ ಕಳಿಸಿ, ಮೊದಲು ಬೀಗದ ಕೈ ಯಾರ ಹತ್ರ ಇದೆ ಕೇಳಿ

ನವೆಂಬರ್ ಹತ್ತಿರ ಬಂತೆಂದರೆ ನನ್ನ ಇನ್‌ಬಾಕ್ಸಿಗೆ ಒಂದೇ ಥರದ ಮೇಲ್‌ಗಳು ಬರಲು ಶುರುವಾಗುತ್ತವೆ. "ಸಾರ್, ನಾವು ಒಂದಷ್ಟು ಬ್ಲಾಗ್ ಗೆಳೆಯರು ಸೇರಿ ಗಡಿನಾಡಿನ ಶಾಲೆಗೆ ಕನ್ನಡ ಪುಸ್ತಕ ಕೊಡೋಣ ಅಂತಿದ್ದೀವಿ. ಭಾಲ್ಕಿ ಕಡೆ ಯಾವುದಾದರೂ ಶಾಲೆ ಹೇಳಿ." ಬರೆಯುವವರ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಭಾಲ್ಕಿ ನಕ್ಷೆಯಲ್ಲಿ ಎಲ್ಲಿದೆ ಅಂತ ಗೊತ್ತಿಲ್ಲದವರೂ ನಮ್ಮನ್ನು ನೆನೆಸಿಕೊಳ್ಳುತ್ತಾರಲ್ಲ ಅಂತ ಖುಷಿಯೂ ಆಗುತ್ತದೆ. ಆದರೆ ಈ ಸಲ ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಸ್ವಲ್ಪ ಖಾರ ಅನಿಸಿದರೆ ಸಹಿಸಿಕೊಳ್ಳಿ. ನಾವು ಬೀದರ್ ಕಡೆಯವರು, ಊಟದಲ್ಲೂ ಖಾರ ಜಾಸ್ತಿ :)

ನನ್ನ ಉತ್ತರ ಇಷ್ಟು. ಪುಸ್ತಕ ಬೇಡ. ಅಥವಾ ಪುಸ್ತಕ ಆಮೇಲೆ. ಮೊದಲು ಆ ಶಾಲೆಗೆ ಒಂದು ಪ್ರಶ್ನೆ ಕೇಳಿ: "ನಿಮ್ಮ ಅಲ್ಮೇರಾದ ಬೀಗದ ಕೈ ಯಾರ ಹತ್ತಿರ ಇದೆ, ಮತ್ತು ಅವರು ಕೊನೆಯ ಸಲ ಒಬ್ಬ ಪಾಠದ ಮೇಷ್ಟ್ರ ಜೊತೆ ಕೂತು ಮಾತಾಡಿದ್ದು ಯಾವಾಗ?" ಈ ಪ್ರಶ್ನೆಗೆ ಉತ್ತರ ಸಿಗದ ಶಾಲೆಗೆ ನೀವು ಇನ್ನೂರು ಪುಸ್ತಕ ಕೊಟ್ಟರೂ ಅಷ್ಟೇ, ಎರಡು ಸಾವಿರ ಕೊಟ್ಟರೂ ಅಷ್ಟೇ. ಫೋಟೋ ಚೆನ್ನಾಗಿ ಬರುತ್ತದೆ. ಮಕ್ಕಳು ಸಾಲಾಗಿ ನಿಂತು ಒಂದೊಂದು ಪುಸ್ತಕ ಎದೆಗೆ ಹಿಡಿದಿರುತ್ತಾರೆ. ನಿಮ್ಮ ಕಾರು ಊರ ಅಗಸಿ ದಾಟುವ ಹೊತ್ತಿಗೆ ಆ ಪುಸ್ತಕಗಳು ವಾಪಸ್ ಅಲ್ಮೇರಾದೊಳಗೆ ಹೋಗಿರುತ್ತವೆ.

ಇದನ್ನು ದೂರದಿಂದ ನೋಡಿ ಹೇಳುತ್ತಿಲ್ಲ. ನಾನು ಭಾಲ್ಕಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಜೊತೆಗೆ "ಗ್ರಂಥಾಲಯ ಪ್ರಭಾರ". ಪ್ರಭಾರ ಅನ್ನುವ ಪದದಲ್ಲಿರುವುದು ಭಾರ ಮಾತ್ರ. ವಾರಕ್ಕೆ ಇಷ್ಟು ಪೀರಿಯಡ್ ವಿಜ್ಞಾನ, ಮಧ್ಯೆ ಬಿಸಿಯೂಟ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿ, ಚುನಾವಣೆ ಬಂದರೆ ಮತದಾರರ ಪಟ್ಟಿ, ಗಣತಿ ಬಂದರೆ ಗಣತಿ. ಇವೆಲ್ಲ ಮುಗಿದ ಮೇಲೆ ಉಳಿದ ಸಮಯದಲ್ಲಿ ಗ್ರಂಥಾಲಯ. ಉಳಿದ ಸಮಯ ಯಾವುದು ಅಂತ ನೀವೇ ಲೆಕ್ಕ ಹಾಕಿ.

ಅಲ್ಮೇರಾಕ್ಕೆ ಬೀಗ ಯಾಕೆ ಬೀಳುತ್ತದೆ ಗೊತ್ತೇ? ಮೇಷ್ಟ್ರು ಕೆಟ್ಟವರು ಅಂತಲ್ಲ. ಪುಸ್ತಕ ನಮ್ಮಲ್ಲಿ "ದಾಸ್ತಾನು". ದಾಸ್ತಾನು ವಹಿಯಲ್ಲಿ ನಂಬರ್ ಹಾಕಿ ಬರೆದಿರುವ ವಸ್ತು, ಬೆಂಚು ಮತ್ತು ತಕ್ಕಡಿಯ ಹಾಗೆ. ಮಗು ಮನೆಗೆ ಒಯ್ದು ಕಳೆದರೆ ಅಥವಾ ಮಳೆಯಲ್ಲಿ ನೆನೆಸಿದರೆ ಉತ್ತರ ಕೊಡಬೇಕಾದವನು ಪ್ರಭಾರಿ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತಿ ಹೊತ್ತಿನಲ್ಲಿ ಕಾಣೆಯಾದ ಪುಸ್ತಕಗಳ ದುಡ್ಡನ್ನು ಜೇಬಿನಿಂದ ಕಟ್ಟಿ ಹೋದರು. ಆ ಪುಸ್ತಕಗಳೆಲ್ಲ ಮಕ್ಕಳು ಓದಲು ಒಯ್ದವು. ಒಂದೂ ಪುಸ್ತಕ ಕೊಡದೆ ಬೀಗ ಹಾಕಿಟ್ಟವರು ಒಂದು ರೂಪಾಯಿ ಕಟ್ಟದೆ ಹಾರ ಹಾಕಿಸಿಕೊಂಡು ಹೋದರು. ಇದನ್ನು ನೋಡಿದ ಮುಂದಿನ ಪ್ರಭಾರಿ ಏನು ಪಾಠ ಕಲಿಯುತ್ತಾನೆ? ನಮ್ಮ ವ್ಯವಸ್ಥೆ ಪುಸ್ತಕ ಓದಿಸಿದವನಿಗೆ ದಂಡ ಹಾಕುತ್ತದೆ, ಕಾಯ್ದವನಿಗೆ ಶಾಲು ಹೊದಿಸುತ್ತದೆ.

*

ಈಗ ಕಾನೂನಿಗೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆಯಲ್ಲ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು, ಅದರ ಅನುಸೂಚಿಯನ್ನು ಒಮ್ಮೆ ಓದಿ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕ ಸೇರಿ ಎಲ್ಲ ವಿಷಯಗಳ ಪುಸ್ತಕ ಇರಬೇಕು ಅಂತಿದೆ. ಬಹಳ ಒಳ್ಳೆಯದು. ಅದೇ ಅನುಸೂಚಿಯಲ್ಲಿ ಯಾರ್ಯಾರು ಇರಬೇಕು ಅನ್ನುವ ಪಟ್ಟಿಯೂ ಇದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಬೇಕು ಅಂತಿದೆ. ಗ್ರಂಥಪಾಲಕ? ಆ ಪದವೇ ಇಲ್ಲ. ಅಂದರೆ ಅಡುಗೆಮನೆ ಇರಲೇಬೇಕು, ಅಡುಗೆಯವರು ಯಾರು ಅಂತ ಕೇಳಬೇಡಿ! 2018ರಲ್ಲಿ ಸಮಗ್ರ ಶಿಕ್ಷಣ ಬಂದ ಮೇಲೆ ಶಾಲೆಯ ಹಂತ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನ ಅಂತ ಇಟ್ಟರು. ಅದೂ ಪುಸ್ತಕಕ್ಕೆ. ಮನುಷ್ಯನಿಗಲ್ಲ.

ಕೇಂದ್ರೀಯ ವಿದ್ಯಾಲಯಗಳಲ್ಲಿ, ನವೋದಯಗಳಲ್ಲಿ ಗ್ರಂಥಪಾಲಕರ ಹುದ್ದೆ ಇದೆ. ನಮ್ಮ ಜಿಲ್ಲೆಯ ನವೋದಯ ಬಸವಕಲ್ಯಾಣ ತಾಲ್ಲೂಕಿನ ನಾರಾಯಣಪುರದಲ್ಲಿದೆ. ಅಲ್ಲಿ ಸೀಟು ಸಿಕ್ಕ ಮಗುವಿಗೆ ಗ್ರಂಥಪಾಲಕ ಉಂಟು, ಸಿಗದೆ ಊರಲ್ಲೇ ಉಳಿದ ಅದರ ತಮ್ಮನಿಗೆ ಇಲ್ಲ. ಪುಸ್ತಕದ ಅಗತ್ಯ ಹೆಚ್ಚು ಯಾರಿಗೆ ಅಂತ ಬೇರೆ ಹೇಳಬೇಕೆ?

ಹಾಗಂತ "ಹುದ್ದೆ ಕೊಡಿ, ಎಲ್ಲ ಸರಿಹೋಗುತ್ತದೆ" ಅಂತ ಮಾತ್ರ ಕೂಗಿದರೂ ಆಗುವುದಿಲ್ಲ. ಪೇಟೆಯ ಎಷ್ಟೋ ಖಾಸಗಿ ಶಾಲೆಗಳಲ್ಲಿ ಲೈಬ್ರರಿಯನ್ ಅಂತ ಒಬ್ಬರು ಇರುತ್ತಾರೆ. ಅವರ ಕೆಲಸ ಏನು? ಯಾವ ಟೀಚರ್ ರಜೆ ಹಾಕಿದರೂ ಆ ಪೀರಿಯಡ್ಡಿಗೆ ಹೋಗಿ "ಸುಮ್ಮನೆ ಕೂತ್ಕೊಳ್ಳಿ" ಅನ್ನುವುದು. ಗಣಿತದ ಮೇಷ್ಟ್ರು ಈ ತಿಂಗಳು ಏನು ಪಾಠ ಮಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಿಲ್ಲ. ಲೈಬ್ರರಿಗೆ ಹೊಸದಾಗಿ ಏನು ಬಂದಿದೆ ಅಂತ ಗಣಿತದ ಮೇಷ್ಟ್ರಿಗೆ ಗೊತ್ತಿಲ್ಲ. ಇಬ್ಬರೂ ಸಂಬಳ ತೆಗೆದುಕೊಳ್ಳುತ್ತಾರೆ, ಒಂದೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾರೆ. ಮಗುವಿನ ಮಟ್ಟಿಗೆ ಇಬ್ಬರ ನಡುವೆ ಮಾಂಜ್ರಾ ನದಿ ಹರಿಯುತ್ತಿರುತ್ತದೆ.

ಪುಸ್ತಕ ನೋಡಿಕೊಳ್ಳುವವರು ಮತ್ತು ಪಾಠ ಮಾಡುವವರು ಒಂದು ಮೇಜಿಗೆ ಕೂರದಿದ್ದರೆ ಗ್ರಂಥಾಲಯ ಅನ್ನುವುದು ಕೋಣೆಯಷ್ಟೇ. ಇದೇ ನನ್ನ ಇಡೀ ತಕರಾರು.

*

ಈಗ ನೀವು ಕೇಳಬಹುದು, ಹಳ್ಳಿಯಲ್ಲಿ ಗ್ರಂಥಪಾಲಕನೇ ಇಲ್ಲವಲ್ಲ, ಕೂರಿಸುವುದು ಯಾರನ್ನ ಅಂತ. ಇಲ್ಲೇ ಇರುವುದು ಮಜಾ. ಇದ್ದಾರೆ! ಶಾಲೆಯ ಕಾಂಪೌಂಡಿನ ಒಳಗಲ್ಲ, ಹೊರಗೆ. ಪಂಚಾಯ್ತಿ ಗ್ರಂಥಾಲಯದಲ್ಲಿ.

ಕರ್ನಾಟಕದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿವೆ. ಒಂದೊಂದರಲ್ಲೂ ಒಬ್ಬ ಮೇಲ್ವಿಚಾರಕರು. ವರ್ಷಾನುಗಟ್ಟಲೆ ಪುಡಿಗಾಸಿನ ಗೌರವಧನಕ್ಕೆ ದುಡಿದವರು, ಮುಷ್ಕರ ಕೂತು ಕೂತು ಸ್ವಲ್ಪ ಸ್ವಲ್ಪ ಏರಿಸಿಕೊಂಡವರು. ಮೊದಲು ಈ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. ಆ ಇಲಾಖೆ ಶಾಲಾ ಶಿಕ್ಷಣ ಮಂತ್ರಿಯ ಅಡಿಯಲ್ಲೇ ಬರುತ್ತದೆ. ಅಂದರೆ ಶಾಲೆಯ ಮೇಷ್ಟ್ರು ಮತ್ತು ಲೈಬ್ರರಿಯವರು ಒಬ್ಬನೇ ಯಜಮಾನನ ಮನೆಯ ಆಳುಗಳು. ಆಗಲೂ ಅವರನ್ನು ಒಂದು ಸಭೆಗೆ ಕರೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. 2019ರಲ್ಲಿ ಇವನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಅಲ್ಲಿಂದ ಈಚೆಗೆ ಕೆಲಸ ಚುರುಕಾಗಿದೆ ಅನ್ನುವುದನ್ನು ಒಪ್ಪಲೇಬೇಕು. ಕೊರೋನಾದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ "ಓದುವ ಬೆಳಕು" ಶುರು ಮಾಡಿದರು. 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ. ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು. ಈಗ "ಅರಿವು ಕೇಂದ್ರ" ಅಂತ ಹೆಸರು, ಗೋಡೆಗೆ ಬಣ್ಣ, ಕಂಪ್ಯೂಟರ್.

ಚೆನ್ನಾಗಿದೆ. ಆದರೆ ಶಾಲೆ ಒಂದು ಇಲಾಖೆ, ಅರಿವು ಕೇಂದ್ರ ಇನ್ನೊಂದು ಇಲಾಖೆ. ಮೇಷ್ಟ್ರು ಬಿಇಓ ಆಫೀಸಿಗೆ ಉತ್ತರ ಕೊಡುತ್ತಾರೆ, ಮೇಲ್ವಿಚಾರಕರು ಪಿಡಿಓಗೆ. ಎರಡು ಕಟ್ಟಡಗಳ ನಡುವೆ ಎಷ್ಟೋ ಊರುಗಳಲ್ಲಿ ಇನ್ನೂರು ಹೆಜ್ಜೆ ಇರುವುದಿಲ್ಲ. ಬೆಳಿಗ್ಗೆ ಶಾಲೆಯಲ್ಲಿದ್ದ ಅದೇ ಮಗು ಸಂಜೆ ಅಲ್ಲಿ ಕೂತಿರುತ್ತದೆ. ಆದರೆ ಮಗುವಿನ ಬೆಳಿಗ್ಗೆ ಸಂಜೆಗೆ ಗೊತ್ತಿಲ್ಲ, ಸಂಜೆ ಬೆಳಿಗ್ಗೆಗೆ ಗೊತ್ತಿಲ್ಲ.

ಇದಕ್ಕೆ ಇಲಾಖೆ ಒಂದೇ ಕಾರಣ ಅಂದರೆ ನಾನು ನನ್ನ ಜಾತಿಯವರನ್ನು, ಅಂದರೆ ಮೇಷ್ಟ್ರು ಜಾತಿಯವರನ್ನು, ಬಚಾವ್ ಮಾಡಿದ ಹಾಗಾಗುತ್ತದೆ. ನಮಗೆ ಕುರ್ಚಿಯ ಗತ್ತು ಇದೆ. "ಅವರೇನ್ರೀ, ಗೌರವಧನದವರು, ಅವರ ಹತ್ರ ಕೂತು ನಾವು ಪಾಠ ಯೋಜನೆ ಮಾಡೋದಾ?" ಅಂತ ನನ್ನ ಎದುರಿಗೇ ಅಂದವರಿದ್ದಾರೆ. ಪೇಪರ್ ಓದೋಕೆ ಲೈಬ್ರರಿಗೆ ಹೋದರೂ ಮೇಲ್ವಿಚಾರಕಿಯ ಕಡೆ ನೋಡದೆ ಕುರ್ಚಿ ಎಳೆದುಕೊಳ್ಳುವವರಿದ್ದಾರೆ. ಬಿ.ಎಡ್. ಸರ್ಟಿಫಿಕೇಟಿನ ಭಾರಕ್ಕೆ ಕತ್ತು ತಿರುಗುವುದಿಲ್ಲವೋ ಏನೋ.

*

ಇಬ್ಬರೂ ಕೂತರೆ ಏನಾಗುತ್ತದೆ ಅಂತ ಗಾಳಿಯಲ್ಲಿ ಹೇಳುವುದಿಲ್ಲ, ನಾನು ಮಾಡಿದ್ದನ್ನೇ ಹೇಳುತ್ತೇನೆ. ಹತ್ತನೇ ತರಗತಿಯಲ್ಲಿ ಲೋಹ ಮತ್ತು ಅಲೋಹಗಳ ಪಾಠ. ಪಠ್ಯದಲ್ಲಿ ಮಿಶ್ರಲೋಹ ಅಂದರೆ ಹಿತ್ತಾಳೆ, ಕಂಚು, ತುಕ್ಕು ಹಿಡಿಯದ ಉಕ್ಕು. ಸರಿ, ಆದರೆ ನಾವು ಕೂತಿರುವುದು ಬೀದರ್ ಜಿಲ್ಲೆಯಲ್ಲಿ! ಬಿದ್ರಿ ಅಂದರೆ ಸತು ಮತ್ತು ತಾಮ್ರದ ಮಿಶ್ರಲೋಹ, ಸತುವೇ ಜಾಸ್ತಿ. ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂರಿಸಿ, ಆಮೇಲೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕುತ್ತಾರೆ. ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಇಡೀ ಪಾಠ ಒಂದು ಹೂಜಿಯ ಮೇಲಿದೆ.

ಪಾಠ ಶುರುವಾಗುವ ಹದಿನೈದು ದಿನ ಮೊದಲು ನಮ್ಮೂರ ಅರಿವು ಕೇಂದ್ರದ ಮೇಲ್ವಿಚಾರಕಿಗೆ ಹೋಗಿ ಹೇಳಿದೆ. ಅವರು ಏನು ಮಾಡಿದರು ಗೊತ್ತಾ? 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗಿನ ಪೇಪರ್ ತುಣುಕುಗಳನ್ನು ಕಟ್ಟಿಟ್ಟಿದ್ದರು, ತೆಗೆದು ಕೊಟ್ಟರು. ಜಿಲ್ಲಾ ಗೆಜೆಟಿಯರಿನಲ್ಲಿ ಬಿದ್ರಿಯ ಪುಟಗಳಿಗೆ ಚೀಟಿ ಇಟ್ಟರು. ಮಕ್ಕಳ ವಿಜ್ಞಾನ ಪತ್ರಿಕೆಯ ಹಳೆ ಸಂಚಿಕೆಗಳಲ್ಲಿ ಲೋಹದ ಬಗ್ಗೆ ಇದ್ದವನ್ನು ಬೇರೆ ಮಾಡಿದರು. ಅದಕ್ಕಿಂತ ಮುಖ್ಯವಾದ ಒಂದು ಮಾತು ಹೇಳಿದರು: "ಸರ್, ನಿಮ್ಮ ಕ್ಲಾಸಿನ ಆ ಮೂರು ಹುಡುಗರು ಕನ್ನಡ ಪುಸ್ತಕ ತಗೊಳ್ಳೋದೇ ಇಲ್ಲ, ಚಿತ್ರ ಇರೋದು ಮಾತ್ರ ತಿರುವ್ತಾರ. ಅವರಿಗೆ ಮೊದಲ ಪೇಪರ್ ತುಣುಕು ಕೊಡ್ರಿ." ನಾನು ಅವರಿಗೆ ವರ್ಷವಿಡೀ ವಿಜ್ಞಾನ ಹೇಳುವವನು. ಈ ಸಂಗತಿ ನನ್ನ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ಸಂಜೆ ಆರರ ತನಕ ಅವರನ್ನು ನೋಡುವ ಆ ಅಮ್ಮನಿಗೆ ಗೊತ್ತಿತ್ತು.

ನನ್ನ ಹತ್ತಿರ ಪಾಠ ಇದೆ, ಅವರ ಹತ್ತಿರ ಓದುಗನ ಗುರುತು ಇದೆ. ಇವೆರಡೂ ಒಬ್ಬನ ತಲೆಯಲ್ಲಿ ಇರುವುದು ಕಷ್ಟ. ಅದರಲ್ಲೂ ನಮ್ಮ ಭಾಗದಲ್ಲಿ. ಭಾಲ್ಕಿ, ಔರಾದ್, ಕಮಲನಗರ ಕಡೆ ಒಂದೇ ಬೆಂಚಿನ ಮೇಲೆ ಮನೆಯಲ್ಲಿ ಮರಾಠಿ ಆಡುವ ಮಗು, ಉರ್ದು ಆಡುವ ಮಗು, ತಾಂಡಾದಿಂದ ಬಂದ ಲಂಬಾಣಿ ಮಗು, ನಮ್ಮ ಬೀದರ್ ಕನ್ನಡದ ಮಗು ಕೂತಿರುತ್ತವೆ. ಬೆಂಗಳೂರಿನಿಂದ ಲಾರಿಯಲ್ಲಿ ಬರುವ ಪುಸ್ತಕದ ಕನ್ನಡ ಈ ನಾಲ್ವರಿಗೂ ಪರಭಾಷೆಯೇ. ಯಾವ ಮಗುವಿಗೆ ಯಾವ ಪುಸ್ತಕದಿಂದ ಶುರು ಮಾಡಿಸಬೇಕು ಅನ್ನುವುದು ಲಾರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಮನುಷ್ಯ ಬೇಕು, ಆ ಮನುಷ್ಯ ಮೇಷ್ಟ್ರ ಜೊತೆ ಮಾತಾಡಬೇಕು.

ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇದು ನೋಡಿ ಹುರುಪು ಬಂತು. ನೀರಾವರಿ ಪಾಠಕ್ಕೆ ನೌಬಾದಿನ ಕರೇಜ್, ನಾವು ಸುರಂಗ ಬಾವಿ ಅನ್ನುತ್ತೇವಲ್ಲ, ಬಹಮನಿ ಕಾಲದ ನೆಲದಡಿಯ ಕಾಲುವೆ, ಅದನ್ನು ಎತ್ತಿಕೊಂಡರು. ಒಂದು ಕಡೆ ಕರೇಜ್, ಇನ್ನೊಂದು ಕಡೆ ನಮ್ಮ ತಾಲ್ಲೂಕಿನ ಕಾರಂಜಾ ಜಲಾಶಯ. ಎರಡನ್ನೂ ಹೋಲಿಸಿ ಬರೆಯಿರಿ ಅಂದರು. ಮಕ್ಕಳು ಗೈಡ್ ನೋಡಿ ಬರೆಯಲು ಆಗಲಿಲ್ಲ, ಯಾಕೆಂದರೆ ಅದು ಯಾವ ಗೈಡಿನಲ್ಲೂ ಇಲ್ಲ! ಅರಿವು ಕೇಂದ್ರಕ್ಕೇ ಹೋಗಬೇಕಾಯ್ತು.

ಇದಕ್ಕೆ ಖರ್ಚಾದದ್ದು ನನ್ನ ಎರಡು ಸಂಜೆ, ಮತ್ತೆ ಎರಡು ಕಪ್ ಚಹಾ.

*

"ಇದೆಲ್ಲ ಅಮೆರಿಕದಲ್ಲಿ ಆಗುತ್ತೆ ಸಾರ್, ಇಲ್ಲಿ ಅಲ್ಲ" ಅನ್ನುವವರಿಗೆ ಎರಡು ಉತ್ತರ. ಅಮೆರಿಕದಲ್ಲಿ ಆಗುತ್ತದೆ ನಿಜ. ಕೊಲರಾಡೊ ರಾಜ್ಯದಲ್ಲಿ ಕೀತ್ ಕರಿ ಲ್ಯಾನ್ಸ್ ಮತ್ತು ಸಂಗಡಿಗರು 1993ರಲ್ಲಿ ಒಂದು, 2000ದಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಗ್ರಂಥಪಾಲಕರು ಮೇಷ್ಟ್ರುಗಳ ಜೊತೆ ಸೇರಿ ಪಾಠ ಯೋಜಿಸುವ ಶಾಲೆಗಳಲ್ಲಿ ಮಕ್ಕಳ ಓದಿನ ಅಂಕ ಹೆಚ್ಚಿರುವುದು ಎರಡನೆಯದರಲ್ಲಿ ಕಂಡಿತು. ಅಂಕ ಹೆಚ್ಚಾಗಲು ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಪಟ್ಟಿಯ ತಳದಲ್ಲಿ ಹುಡುಕುವ ನಾವು, ಖರ್ಚಿಲ್ಲದ ಒಂದು ದಾರಿಯನ್ನು ಪರೀಕ್ಷೆ ಮಾಡಿಯಾದರೂ ನೋಡಬಾರದೇ?

ಎರಡನೇ ಉತ್ತರ: ಇದು ಅಮೆರಿಕದಿಂದ ಬರಬೇಕಾಗಿಲ್ಲ, ಬೀದರಿನಲ್ಲೇ ಇತ್ತು. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನೋಡಿದ್ದೀರಲ್ಲ, ಪಾಸ್‌ಪೋರ್ಟ್ ಸೈಜಿನ ಫೋಟೋ ಆದರೂ ನೋಡಿರುತ್ತೀರಿ. ಮೂರು ಅಂತಸ್ತು. ಪಾಠದ ಕೋಣೆ, ಗುರುಗಳು ಮತ್ತು ವಿದ್ಯಾರ್ಥಿಗಳು ಇರುವ ಕೋಣೆ, ಮಸೀದಿ, ಗ್ರಂಥಾಲಯ, ಎಲ್ಲ ಒಂದೇ ಸೂರಿನಡಿ. ಮೂರು ಸಾವಿರ ಹಸ್ತಪ್ರತಿಗಳಿದ್ದವು ಎನ್ನುತ್ತಾರೆ. 1696ರ ಸ್ಫೋಟದಲ್ಲಿ ಅರ್ಧ ಕಟ್ಟಡ ಹಾರಿಹೋಯಿತು. ನಾವು ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಉಳಿದ ಒಂದು ಮಿನಾರಿನ ಮುಂದೆ ನಿಲ್ಲಿಸಿ ಹೆಮ್ಮೆ ಪಡುತ್ತೇವೆ. ಆ ಕಟ್ಟಡದ ಒಳಗಿದ್ದ ಐಡಿಯಾ, ಪುಸ್ತಕ ಮತ್ತು ಪಾಠ ಒಂದೇ ಸೂರಿನಡಿ ಇರಬೇಕು ಅನ್ನುವುದು, ಅದನ್ನು ಮಾತ್ರ ಬಸ್ಸಿಗೆ ಹತ್ತಿಸಿಕೊಂಡು ಬರುವುದಿಲ್ಲ.

ಇನ್ನು ರಂಗನಾಥನ್. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಪ್ರತಿ ಆಗಸ್ಟಿನಲ್ಲಿ ಫೋಟೋಗೆ ಹಾರ ಹಾಕುತ್ತಾರೆ. ಅವರು ಮೂಲದಲ್ಲಿ ಗಣಿತದ ಮೇಷ್ಟ್ರು! 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಲು ಶುರು ಮಾಡಿದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಶುರುವಿನಲ್ಲಿ ಆ ಕೆಲಸ ಬೇಸರವಾಗಿ ಪಾಠಕ್ಕೇ ವಾಪಸ್ ಹೋಗುತ್ತೇನೆ ಅಂದಿದ್ದರಂತೆ. ಒಬ್ಬನೇ ಮನುಷ್ಯನ ಒಳಗೆ ಮೇಷ್ಟ್ರೂ ಗ್ರಂಥಪಾಲಕನೂ ಕೂತು ಮಾತಾಡಿದ್ದಕ್ಕೆ ನಮಗೆ 1931ರಲ್ಲಿ ಆ ಪಂಚಸೂತ್ರಗಳು ಸಿಕ್ಕವು. ಈಗ ಇಬ್ಬರು ಬೇರೆ ಬೇರೆ ಮನುಷ್ಯರಿದ್ದಾರೆ, ಮಾತು ಇಲ್ಲ.

ಭಾಲ್ಕಿಯ ಹೆಸರು ಹೇಳಿದ ಮೇಲೆ ಪಟ್ಟದ್ದೇವರ ಹೆಸರು ಹೇಳದೆ ಇರುವುದು ಹೇಗೆ? ನಿಜಾಮನ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ನೀವೆಲ್ಲ ಇದನ್ನು ನವೆಂಬರಿನಲ್ಲಿ ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಬರೆಯುತ್ತೀರಿ, ನಾನೂ ಬರೆದಿದ್ದೇನೆ. ಆಗ ಬೋರ್ಡು ಸುಳ್ಳು ಹೇಳುತ್ತಿತ್ತು, ಒಳಗಿನ ಕೆಲಸ ನಿಜವಾಗಿತ್ತು. ಈಗ ಎಷ್ಟೋ ಶಾಲೆಗಳಲ್ಲಿ ಹೊರಗೆ "ಗ್ರಂಥಾಲಯ" ಅಂತ ಬೋರ್ಡು, ಒಳಗೆ ಬಿಸಿಯೂಟದ ಅಕ್ಕಿ ಮೂಟೆ, ಮುರಿದ ಬೆಂಚು, ಹಳೆ ಉತ್ತರ ಪತ್ರಿಕೆ. ಈಗಲೂ ಬೋರ್ಡು ಸುಳ್ಳೇ ಹೇಳುತ್ತಿದೆ, ಆದರೆ ಒಳಗೆ ಕೆಲಸ ಇಲ್ಲ.

*

ಬರೀ ಬೈದರೆ ಸಾಲದು, ಏನು ಮಾಡಬೇಕು ಹೇಳು ಅನ್ನುತ್ತೀರಿ. ಹೇಳುತ್ತೇನೆ. ಯಾವುದಕ್ಕೂ ಹೊಸ ಕಟ್ಟಡ ಬೇಡ.

ಒಂದು, ನಮಗೆ ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆ ಅಂತ ಇದೆ. ಆ ಸಭೆಗೆ ಆ ಭಾಗದ ಅರಿವು ಕೇಂದ್ರಗಳ ಮೇಲ್ವಿಚಾರಕರನ್ನು ಕರೆಯಿರಿ. ಮೂಲೆಯಲ್ಲಿ ಸ್ಟೂಲ್ ಹಾಕಿ ಅಲ್ಲ, ಅದೇ ಕುರ್ಚಿ ಸಾಲಿನಲ್ಲಿ. ಮುಂದಿನ ತಿಂಗಳ ಪಾಠಗಳ ಪಟ್ಟಿ ಅವರ ಕೈಗೆ ಕೊಡಿ. ಬಿಇಓ ಮತ್ತು ತಾಲ್ಲೂಕು ಪಂಚಾಯ್ತಿ ಇಓ ಇಬ್ಬರೂ ಒಂದು ಜಂಟಿ ಸುತ್ತೋಲೆ ಹೊರಡಿಸಿದರೆ ಸಾಕು.

ಎರಡು, ಓದಿ ಹರಿದ ಪುಸ್ತಕಕ್ಕೆ ಪ್ರಭಾರಿಯಿಂದ ವಸೂಲಿ ಮಾಡುವುದು ನಿಲ್ಲಲಿ. ವರ್ಷಕ್ಕೆ ಇಷ್ಟು ಪುಸ್ತಕ ಸವೆಯುತ್ತದೆ ಅಂತ ಲೆಕ್ಕದಲ್ಲೇ ಬಿಟ್ಟುಕೊಡಲಿ. ಸೀಮೆಸುಣ್ಣ ಸವೆಯಿತು ಅಂತ ಯಾರೂ ನೋಟಿಸು ಕೊಡುವುದಿಲ್ಲವಲ್ಲ.

ಮೂರು, ಲೈಬ್ರರಿ ಪೀರಿಯಡ್ ವೇಳಾಪಟ್ಟಿಯಲ್ಲಿ ಇರಲಿ, ಆ ಪೀರಿಯಡ್ಡಿನಲ್ಲಿ ಪಾಠದ ಮೇಷ್ಟ್ರೂ ಜೊತೆಗಿರಲಿ. ಮಕ್ಕಳನ್ನು ದೂಡಿ ಸ್ಟಾಫ್ ರೂಮಿಗೆ ಹೋಗುವ ಪೀರಿಯಡ್ ಅದಲ್ಲ.

ನಾಲ್ಕು, ಹೈಸ್ಕೂಲಿಗೊಂದು ಗ್ರಂಥಪಾಲಕ ಹುದ್ದೆ. 371 ಜೆ ಬಂದು ಇಷ್ಟು ವರ್ಷವಾಯಿತು, ನಮ್ಮ ಭಾಗದ ಅಭಿವೃದ್ಧಿ ಮಂಡಳಿಯಿಂದ ಕಟ್ಟಡಗಳು ಏಳುತ್ತಿವೆ, ಒಳ್ಳೆಯದು. ನಾಲ್ಕು ಗೋಡೆಯ ಜೊತೆ ಒಂದು ಜೀವವನ್ನೂ ಕೊಡಲಿ. ಅದು ಬರುವ ತನಕ ಮೊದಲ ಮೂರನ್ನು ಮಾಡಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

"ಮೇಷ್ಟ್ರಿಗೆ ಟೈಮ್ ಎಲ್ಲಿದೆ?" ಅಂತ ನನ್ನ ಸಹೋದ್ಯೋಗಿಗಳು ಕಮೆಂಟಿನಲ್ಲಿ ಕೇಳುತ್ತಾರೆ, ಗೊತ್ತು. ಟೈಮ್ ಇಲ್ಲದಿರುವುದಕ್ಕೇ ಎರಡನೇ ಮನುಷ್ಯನ ಜೊತೆ ಸೇರಿ ಅನ್ನುತ್ತಿರುವುದು. ಆ ಪೇಪರ್ ತುಣುಕುಗಳನ್ನು ನಾನೇ ಹುಡುಕಿದ್ದರೆ ಒಂದು ವಾರ ಹಿಡಿಯುತ್ತಿತ್ತು. "ಮೊಬೈಲಿನಲ್ಲಿ ಎಲ್ಲ ಸಿಗುತ್ತೆ" ಅನ್ನುವವರಿಗೆ, ಸಿಗುತ್ತದೆ ಸ್ವಾಮಿ, ನಿಜವೂ ಸಿಗುತ್ತದೆ ಸುಳ್ಳೂ ಸಿಗುತ್ತದೆ. ಯಾವುದು ಯಾವುದು ಅಂತ ಮಗುವಿನ ಪಕ್ಕ ಕೂತು ತೋರಿಸುವವರು ಯಾರು? ಮತ್ತೆ ಅದೇ ಇಬ್ಬರು.

ಈಗ ನಿಮ್ಮ ಮೇಲ್‌ಗೆ ವಾಪಸ್. ಕೊಡಲೇಬೇಕು ಅನಿಸಿದರೆ ಕೊಡಿ, ಆದರೆ ಹೀಗೆ ಕೊಡಿ. ಊರು ಆರಿಸಿಕೊಳ್ಳಿ. ಆ ಊರಿನ ಒಬ್ಬ ಮೇಷ್ಟ್ರು ಮತ್ತು ಅರಿವು ಕೇಂದ್ರದ ಮೇಲ್ವಿಚಾರಕರು, ಇಬ್ಬರೂ ಕೂತು ಸಹಿ ಹಾಕಿದ ಒಂದು ಪಟ್ಟಿ ಕೇಳಿ: ಈ ವರ್ಷದ ಯಾವ ಪಾಠಕ್ಕೆ, ಯಾವ ತರಗತಿಗೆ, ಯಾವ ಪುಸ್ತಕ. ಇಪ್ಪತ್ತೇ ಪುಸ್ತಕ ಇರಲಿ. ಮರಾಠಿಯದು, ಉರ್ದುವಿನದು ಇದ್ದರೆ ಮೂಗು ಮುರಿಯಬೇಡಿ, ಮಗು ಅಲ್ಲಿಂದಲೇ ಕನ್ನಡಕ್ಕೆ ಬರುತ್ತದೆ. ಪಟ್ಟಿ ಬಂದರೆ ಪುಸ್ತಕ ಕಳಿಸಿ. ಆರು ತಿಂಗಳ ಮೇಲೆ ಫೋನ್ ಮಾಡಿ, ಇಬ್ಬರಿಗೂ ಬೇರೆ ಬೇರೆ ಮಾಡಿ, ಯಾವ ಪುಸ್ತಕ ಹೆಚ್ಚು ಹರಿದಿದೆ ಅಂತ ಕೇಳಿ. ಇಬ್ಬರೂ ಒಂದೇ ಪುಸ್ತಕದ ಹೆಸರು ಹೇಳಿದರೆ ಮುಂದಿನ ವರ್ಷ ಮತ್ತೆ ಕೊಡಿ.

ಪಟ್ಟಿ ಬರದಿದ್ದರೆ ಆ ದುಡ್ಡಿನಲ್ಲಿ ಇಬ್ಬರಿಗೂ ಚಹಾ ಕುಡಿಸಿ, ಒಂದೇ ಮೇಜಿನಲ್ಲಿ. ಭಾಲ್ಕಿ ಕಡೆ ಯಾರಾದರೂ ಹೀಗೆ ಮಾಡುತ್ತೀರಾದರೆ ಬರೆಯಿರಿ, ನಾನು ಊರು ತೋರಿಸುತ್ತೇನೆ.